ಮೇಲಿನ ಮನೆಯ ನೀರು, ಕೆಳಗಿನ ಮನೆಯ ನಷ್ಟ



ನೀರಿಗೆ ನೆರೆಹೊರೆಯೆಂಬುದು ತಿಳಿಯದು. ತಗ್ಗು ಎಲ್ಲಿದೆಯೋ ಅತ್ತ ಹರಿಯುವುದಷ್ಟೇ ಅದಕ್ಕೆ ಗೊತ್ತು. ನಮ್ಮ ನಗರಗಳಲ್ಲಿ ಮನೆಯ ಮೇಲೆ ಮನೆ ಏರತೊಡಗಿದ ಮೇಲೆ ಒಂದು ಬಗೆಯ ಜಗಳ ಎಲ್ಲರಿಗೂ ಪರಿಚಿತವಾಗಿದೆ. ಮೇಲಿನ ಮನೆಯ ಬಚ್ಚಲಿನ ಕೊಳವೆ ಸೀಳುತ್ತದೆ. ಕೆಳಗಿನ ಮನೆಯ ಛಾವಣಿಯಲ್ಲಿ ಅಂಗೈಯಗಲದ ಕಲೆಯೊಂದು ಕಾಣಿಸಿ, ವಾರದೊಳಗೆ ಚಾಪೆಯಗಲವಾಗುತ್ತದೆ. ಗಾರೆ ಉದುರುತ್ತದೆ, ಗೋಡೆಯ ಬಣ್ಣ ಸುಲಿಯುತ್ತದೆ, ಪುಸ್ತಕದ ಬೀರು ಉಬ್ಬಿ ಬಾಗಿಲು ಹಾಕಿಕೊಳ್ಳದಾಗುತ್ತದೆ. ಇದರ ಖರ್ಚು ಯಾರದು? "ನಾನೇನು ಬೇಕೆಂದು ಮಾಡಿದೆನೇ?" ಎಂದು ಮೇಲಿನವರು ಕೇಳುತ್ತಾರೆ. "ಹಾಗಾದರೆ ನಾನೇನು ತಪ್ಪು ಮಾಡಿದೆ?" ಎಂದು ಕೆಳಗಿನವರು ಕೇಳುತ್ತಾರೆ. ಎರಡು ಮಾತೂ ನಿಜವೇ ಆಗಿರಬಹುದು. ತಪ್ಪು ಮಾಡದ ಇಬ್ಬರ ನಡುವೆ ಒಂದು ನಷ್ಟ ಬಿದ್ದಾಗ ಅದನ್ನು ಯಾರ ತಲೆಗೆ ಕಟ್ಟಬೇಕೆಂಬ ಈ ಪ್ರಶ್ನೆಗೆ ಹೆಚ್ಚುಕಡಿಮೆ ನಾಲ್ಕು ಸಾವಿರ ವರ್ಷಗಳ ಇತಿಹಾಸವಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ದಕ್ಷಿಣ ಭಾರತದ ಕೆರೆಗಳ ಏರಿಯ ಮೇಲೆಯೇ ನಡೆದಿದೆ.

ಕ್ರಿ.ಪೂ. 18ನೆಯ ಶತಮಾನದಲ್ಲಿ ಬ್ಯಾಬಿಲೋನಿಯಾವನ್ನು ಆಳಿದ ಹಮ್ಮುರಾಬಿಯ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. "ಕಣ್ಣಿಗೆ ಕಣ್ಣು" ಎಂಬ ಒಂದೇ ಮಾತಿನಲ್ಲಿ ಅವನ ಶಾಸನವನ್ನು ಮುಗಿಸಿಬಿಡುವುದು ವಾಡಿಕೆ. ಆದರೆ ಕರಿಯ ಶಿಲೆಯ ಮೇಲೆ ಕೊರೆದ ಆ ಶಾಸನದಲ್ಲಿ ನೀರಿನ ಮಾತೂ ಇದೆ. ಒಬ್ಬನು ತನ್ನ ಹೊಲದ ಒಡ್ಡನ್ನು ಬಲಪಡಿಸದೆ ಸೋಮಾರಿತನದಿಂದ ಬಿಟ್ಟು, ಅದು ಒಡೆದು ಊರಿನ ಹೊಲಗಳಿಗೆ ನೀರು ನುಗ್ಗಿದರೆ, ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಕೊಡಲು ಶಕ್ತಿಯಿಲ್ಲದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ, ಬಂದ ಹಣವನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು. ನೀರು ಹಾಯಿಸಲು ಕಾಲುವೆ ತೆರೆದು ಮೈಮರೆತವನಿಗೂ ಇಂಥದೇ ಕಟ್ಟಳೆ: ಪಕ್ಕದ ಹೊಲಗಳಲ್ಲಿ ಎಷ್ಟು ಬೆಳೆದಿದೆಯೋ ಆ ಲೆಕ್ಕದಲ್ಲಿ ಧಾನ್ಯ ಅಳೆದು ಕೊಡಬೇಕು. ಶಿಕ್ಷೆ ಕ್ರೂರವಾದುದು. ಆದರೆ ನಷ್ಟವನ್ನು ಅಳೆಯುವ ಬಗೆಯನ್ನು ನೋಡಿ. ಹಾಳಾದ ಬೆಳೆಯನ್ನು ಅಳೆಯಲಾಗದು. ಆದ್ದರಿಂದ ಹಾಳಾಗದೆ ಉಳಿದ ಪಕ್ಕದ ಹೊಲವೇ ಅಳತೆಗೋಲು. ಇಂದಿನ ನ್ಯಾಯಾಲಯಗಳೂ ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬನ್ನಿ. ಕೌಟಿಲ್ಯನ ಅರ್ಥಶಾಸ್ತ್ರವು ರಾಜನೀತಿಯ ಗ್ರಂಥವೆಂದೇ ಪ್ರಸಿದ್ಧ. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥವನ್ನು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಗೋಡೆ, ಹೊಲ, ಕೆರೆಗಳ ವ್ಯಾಜ್ಯಗಳನ್ನು ಕುರಿತ ಭಾಗವೊಂದಿದೆ. ಓದುತ್ತ ಹೋದರೆ ಯಾವುದೋ ನಗರಸಭೆಯ ಕಟ್ಟಡ ನಿಯಮಗಳನ್ನು ಓದಿದಂತಾಗುತ್ತದೆ. ಮಳೆಗಾಲದಲ್ಲಿ ನೀರು ತಡೆಯಿಲ್ಲದೆ ಹರಿದು ಹೋಗುವಂತೆ ಮೋರಿಯನ್ನು ತೆರೆದಿಡಬೇಕು, ತಪ್ಪಿದರೆ 12 ಪಣಗಳ ದಂಡ. ತನ್ನ ಮನೆಯ ನೀರಿನಿಂದ ಬೇರೊಬ್ಬನ ಗೋಡೆಯನ್ನು ಕೆಡಿಸಿದವನಿಗೂ 12 ಪಣಗಳ ದಂಡ. ಆ ನೀರು ಶೌಚದ ಕೊಳೆಯಾಗಿದ್ದರೆ ದಂಡ ಇಮ್ಮಡಿ! ಕೆಳಮನೆಯಲ್ಲಿರುವ ಯಾರೇ ಆಗಲಿ ಈ ವ್ಯತ್ಯಾಸವನ್ನು ಒಪ್ಪದೆ ಇರಲಾರರು.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ನೀವು ಗಮನಿಸಬೇಕು. ದಂಡ ಬೇರೆ, ಪರಿಹಾರ ಬೇರೆ. ದಂಡವೆಂಬುದು ಅರಸನ ಬೊಕ್ಕಸಕ್ಕೆ ಸೇರುವ ಹಣ. ಅದರಿಂದ ಕೆಟ್ಟ ಗೋಡೆಗೆ ಹಿಡಿ ಸುಣ್ಣವೂ ಬೀಳದು. ಅಕ್ಕಪಕ್ಕದವರ ಕಾದಾಟದಲ್ಲಿ ಶಾಂತಿ ಕಾಯುವುದು ರಾಜ್ಯದ ಚಿಂತೆ, ಖರ್ಚು ವಸೂಲಾಗುವುದು ನಷ್ಟವಾದವನ ಚಿಂತೆ. ಈ ಎರಡು ಚಿಂತೆಗಳು ಒಂದೇ ಅಲ್ಲವೆಂಬುದನ್ನು ನೆನಪಿನಲ್ಲಿಡಿ. ಮುಂದೆಯೂ ಇದು ನಮ್ಮನ್ನು ಕಾಡಲಿದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ ನಿಮಗೆ ತಿಳಿದೇ ಇದೆ. ಆ ಸ್ಮೃತಿಯಲ್ಲಿ ಒಂದು ಕುತೂಹಲಕರ ನಿಯಮವಿದೆ. ಬೇರೊಬ್ಬನ ನೆಲಕ್ಕೆ ಸ್ವಲ್ಪ ಬಾಧೆಯಾದರೂ ಬಹುಜನಕ್ಕೆ ಹಿತವಾಗುವ ಒಡ್ಡನ್ನು ತಡೆಯಲಾಗದು ಎಂಬುದು ಅದರ ಭಾವ. ನೀರು ಕಟ್ಟಿ ನಿಲ್ಲಿಸದೆ ಬಾಳಲಾಗದ ನಾಡಿನ ವಿವೇಕವಿದು. ನಮ್ಮ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಕೊಡಗಿ ಎಂಬ ದತ್ತಿಗಳು ಮತ್ತೆ ಮತ್ತೆ ಬರುವುದೂ ಇದಕ್ಕಾಗಿಯೇ. ಕೆರೆ ಕಟ್ಟಿದವನಿಗೆ, ಏರಿ ತೂಬುಗಳನ್ನು ನೋಡಿಕೊಳ್ಳುವವನಿಗೆ ಊರು ನೆಲ ಬಿಟ್ಟುಕೊಡುತ್ತಿತ್ತು. ಕೆರೆ ಒಡೆದು ಹೊಲ ಕೊಚ್ಚಿಹೋದ ಮೇಲೆ ಪರಿಹಾರ ಹುಡುಕುವುದಕ್ಕಿಂತ, ಒಡೆಯದಂತೆ ನೋಡಿಕೊಳ್ಳಲು ಮೊದಲೇ ಖರ್ಚು ಮಾಡುವ ವ್ಯವಸ್ಥೆ ಅದು.

ಹೊಲ, ಕೆರೆಗಳ ಮಾತಾಯಿತು. ಮನೆಯ ಮೇಲಿನ ಮನೆಯ ಮಾತು ಮೊದಲು ಸ್ಪಷ್ಟವಾಗಿ ಕೇಳಿಬರುವುದು ರೋಮ್ ನಗರದಲ್ಲಿ. ಪ್ರಾಚೀನ ರೋಮಿನ ಬಡವರೂ ಮಧ್ಯಮ ವರ್ಗದವರೂ ಇನ್ಸುಲಾ ಎಂಬ ಬಹುಅಂತಸ್ತಿನ ಬಾಡಿಗೆ ಕಟ್ಟಡಗಳಲ್ಲಿ ಬದುಕುತ್ತಿದ್ದರು. ಮೇಲಿನ ಅಂತಸ್ತುಗಳಿಗೆ ಕೊಳವೆ ನೀರು ಇರಲಿಲ್ಲ. ಹೊತ್ತು ತಂದ ನೀರನ್ನು ಬಳಸಿದ ಮೇಲೆ ಮತ್ತೆ ಹೊತ್ತು ಇಳಿಸುವವರಾರು? ಕಿಟಕಿಯೇ ಬಚ್ಚಲು! ದಾರಿಹೋಕರ ಮೇಲೆ ಸುರಿದ ನೀರಿಗೆ, ಎಸೆದ ವಸ್ತುವಿಗೆ ಅಲ್ಲಿನ ನ್ಯಾಯಾಧಿಕಾರಿ ವಿಶೇಷವಾದ ದಾವೆಯೊಂದನ್ನು ರೂಪಿಸಿದನು. ಸುರಿದವರು ಯಾರೆಂದು ಕೆಳಗಿದ್ದವನು ರುಜುವಾತು ಮಾಡಬೇಕಾಗಿಲ್ಲ. ಆ ಕೋಣೆಯಲ್ಲಿ ವಾಸವಿರುವವನೇ ಹೊಣೆ, ನಷ್ಟದ ಇಮ್ಮಡಿ ತೆರಬೇಕು. ಹಲವರು ಒಟ್ಟಾಗಿ ವಾಸವಿದ್ದರೆ ಯಾರೊಬ್ಬನಿಂದಲಾದರೂ ಪೂರ್ಣ ವಸೂಲು ಮಾಡಬಹುದು, ಪಾಲು ಹಂಚಿಕೊಳ್ಳುವುದು ಅವರವರ ಪಾಡು. ಸ್ವತಂತ್ರ ನಾಗರಿಕನೊಬ್ಬನು ಸತ್ತರೆ 50 ಚಿನ್ನದ ನಾಣ್ಯ. ಗಾಯಗೊಂಡರೆ ವೈದ್ಯರ ಖರ್ಚು, ತಪ್ಪಿದ ಕೂಲಿ. ಆದರೆ ಗಾಯದ ಕಲೆಗೆ ಏನೂ ಇಲ್ಲ. ಸ್ವತಂತ್ರ ಮನುಷ್ಯನ ದೇಹಕ್ಕೆ ಬೆಲೆ ಕಟ್ಟಲಾಗದು ಎಂಬುದು ಅದಕ್ಕೆ ಕೊಟ್ಟ ಕಾರಣ. ಗುಲಾಮರಿಗೆ ಬೆಲೆ ಕಟ್ಟುತ್ತಿದ್ದ ಸಮಾಜದ ತರ್ಕವಿದು ಎಂಬುದನ್ನೂ ಮರೆಯಬಾರದು.

ಈ ದಾವೆ ದಾರಿಹೋಕರಿಗಾಗಿ ಇದ್ದದ್ದು. ಕೆಳಮನೆಯವನ ಪಾಡೇನು? ಕ್ರಿ.ಶ. 100ರ ಆಸುಪಾಸಿನಲ್ಲಿದ್ದ ಅರಿಸ್ಟೊ ಎಂಬ ನ್ಯಾಯವೇತ್ತನ ಅಭಿಪ್ರಾಯವೊಂದನ್ನು ಬಹುಕಾಲದ ಬಳಿಕ ಬಂದ ಉಲ್ಪಿಯನ್ ಉಳಿಸಿಕೊಟ್ಟಿದ್ದಾನೆ. ಮಿಂಟುರ್ನೆ ಎಂಬ ಪಟ್ಟಣಕ್ಕೆ ಸೇರಿದ ಚೀಸ್ ತಯಾರಿಸುವ ಅಂಗಡಿಯ ಹೊಗೆ ಮೇಲಿನ ಕಟ್ಟಡಕ್ಕೆ ನುಗ್ಗುತ್ತಿತ್ತು. ಅಂಥ ಹಕ್ಕು ಒಪ್ಪಂದದಿಂದ ಬಂದಿರದ ಹೊರತು ಹಾಗೆ ಹೊಗೆ ಬಿಡುವಂತಿಲ್ಲ ಎಂದು ಅರಿಸ್ಟೊ ಹೇಳಿದನು. ಅದೇ ಉಸಿರಿನಲ್ಲಿ, ಮೇಲಿನವನೂ ಕೆಳಗಿನವನ ಮೇಲೆ ನೀರನ್ನಾಗಲಿ ಬೇರೇನನ್ನಾಗಲಿ ಬಿಡುವಂತಿಲ್ಲ ಎಂದನು. ತನ್ನ ಸೊತ್ತಿನಲ್ಲಿ ತನಗೆ ಬೇಕಾದುದನ್ನು ಮಾಡಬಹುದು, ಆದರೆ ಅದು ತನ್ನ ಸೊತ್ತಿನ ಗಡಿಯೊಳಗೇ ಉಳಿಯುವಷ್ಟು ಮಾತ್ರ. ಹಾಗಾದರೆ ಒಲೆಯ ಸಣ್ಣ ಹೊಗೆ? ಅದು ಎಲ್ಲರ ಮನೆಯಲ್ಲೂ ಇರುವುದು; ಅದಕ್ಕೆ ವ್ಯಾಜ್ಯವಿಲ್ಲ ಎಂಬ ತಿದ್ದುಪಡಿಯೂ ಅಲ್ಲಿಯೇ ಇದೆ. ದಿನನಿತ್ಯದ ಬಳಕೆಯಿಂದಾಗುವ ಸಣ್ಣ ಬಾಧೆಯನ್ನು ಸಹಿಸಬೇಕು, ಅದನ್ನು ಮೀರಿದ್ದನ್ನು ಸಹಿಸಬೇಕಿಲ್ಲ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿಯೇ ಮುಂದಿನ ಎರಡು ಸಾವಿರ ವರ್ಷಗಳ ಚರ್ಚೆಯೆಲ್ಲ ಅಡಗಿದೆ.

ಮಧ್ಯಯುಗದ ಲಂಡನ್ನಿನ ಬಗೆಗೆ ಎರಡು ಮಾತು ಸಾಕು. ಅಲ್ಲಿ ಶೌಚದ ಗುಂಡಿಗೆ ಕಲ್ಲಿನ ಗೋಡೆಯಿದ್ದರೆ ನೆರೆಯವನ ಗಡಿಯಿಂದ ಎರಡೂವರೆ ಅಡಿ, ಇಲ್ಲದಿದ್ದರೆ ಮೂರೂವರೆ ಅಡಿ ದೂರವಿರಬೇಕೆಂಬ ಕಟ್ಟಳೆಯಿತ್ತು. ದೂರು ಬಂದರೆ ನಗರದ ಮೇಯರನೂ ಹಿರಿಯರೂ ಸ್ಥಳಕ್ಕೇ ಹೋಗಿ ನೋಡಿ, ಸಾಮಾನ್ಯವಾಗಿ 40 ದಿನಗಳೊಳಗೆ ಸರಿಪಡಿಸುವಂತೆ ಆಜ್ಞೆ ಮಾಡುತ್ತಿದ್ದರು. ತೊಂದರೆ ನಿಲ್ಲಿಸುವುದೇ ಅಲ್ಲಿ ಮುಖ್ಯ.

ಈಗ 19ನೆಯ ಶತಮಾನದ ಇಂಗ್ಲೆಂಡಿಗೆ ಬರೋಣ. ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಬಾಯಿಪಾಠ ಮಾಡುವ ಒಂದು ಮೊಕದ್ದಮೆ ಇಲ್ಲಿದೆ. ಲ್ಯಾಂಕಾಷೈರಿನ ಏನ್ಸ್‌ವರ್ತ್ ಎಂಬಲ್ಲಿ ಜಾನ್ ರೈಲೆಂಡ್ಸ್ ಎಂಬ ದೊಡ್ಡ ಬಟ್ಟೆ ಉದ್ಯಮಿಗೆ ಒಂದು ಗಿರಣಿಯಿತ್ತು. ಗಿರಣಿಗೆ ನೀರು ಬೇಕು. ಆದ್ದರಿಂದ 1860ರಲ್ಲಿ ನುರಿತ ಇಂಜಿನಿಯರರನ್ನೂ ಗುತ್ತಿಗೆದಾರರನ್ನೂ ಹಿಡಿದು ಒಂದು ಜಲಾಶಯ ಕಟ್ಟಿಸಿದನು. ಅಗೆಯುವಾಗ ಮಣ್ಣು ತುಂಬಿದ ಹಳೆಯ ಗಣಿ ಬಾವಿಗಳು ಸಿಕ್ಕಿದವು. ಕೆಲಸದವರು ಅವನ್ನು ಸರಿಯಾಗಿ ಮುಚ್ಚಲಿಲ್ಲ. ರೈಲೆಂಡ್ಸನಿಗಂತೂ ಅವು ಇರುವುದೇ ಗೊತ್ತಿರಲಿಲ್ಲ. ಜಲಾಶಯ ಇನ್ನೂ ತುಂಬುತ್ತಿರುವಾಗಲೇ, 1860ರ ಡಿಸೆಂಬರ್ 11ರಂದು, ತಳ ಕುಸಿದು ನೀರೆಲ್ಲ ಆ ಹಳೆಯ ಬಾವಿಗಳ ಮೂಲಕ ನೆಲದೊಳಗೆ ಇಳಿಯಿತು. ನೆಲದಡಿಯ ದಾರಿಗಳಲ್ಲಿ ಹರಿದು ಥಾಮಸ್ ಫ್ಲೆಚರ್ ಎಂಬವನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಫ್ಲೆಚರ್ ಪಂಪು ಹಚ್ಚಿ ನೀರೆತ್ತಿಸಿದನು. 1861ರ ಏಪ್ರಿಲ್‌ನಲ್ಲಿ ಗಣಿಗೆ ಮತ್ತೆ ನೀರು ನುಗ್ಗಿತು. ಅದೇ ವರ್ಷ ಅವನು ದಾವೆ ಹೂಡಿದನು.

ಇಲ್ಲಿ ಕಾನೂನಿನ ತೊಡಕು ಏನೆಂದು ನೋಡಿ. ರೈಲೆಂಡ್ಸ್ ತಾನೇ ಎಚ್ಚರ ತಪ್ಪಿರಲಿಲ್ಲ. ಬಲ್ಲವರಿಗೆ ಕೆಲಸ ಒಪ್ಪಿಸಿದ್ದನು. ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಒಡೆಯನು ಸಾಮಾನ್ಯವಾಗಿ ಹೊಣೆಯಲ್ಲ. 1865ರಲ್ಲಿ ಮೊದಲ ನ್ಯಾಯಾಲಯ ಬಹುಮತದಿಂದ ರೈಲೆಂಡ್ಸನ ಪರ ತೀರ್ಪಿತ್ತಿತು. 1866ರಲ್ಲಿ ಮೇಲಿನ ನ್ಯಾಯಾಲಯದ ಬ್ಲಾಕ್‌ಬರ್ನ್ ಎಂಬ ನ್ಯಾಯಾಧೀಶರು ಅದನ್ನು ತಿರುವಿಹಾಕಿದರು. ತಪ್ಪಿಸಿಕೊಂಡರೆ ಕೇಡು ಮಾಡಬಲ್ಲ ವಸ್ತುವನ್ನು ತನ್ನ ಪ್ರಯೋಜನಕ್ಕಾಗಿ ತನ್ನ ನೆಲಕ್ಕೆ ತಂದು ಕೂಡಿಟ್ಟವನು ಅದನ್ನು ತನ್ನ ಗಂಡಾಂತರದ ಮೇಲೆಯೇ ಇಟ್ಟುಕೊಳ್ಳಬೇಕು. ಅದು ತಪ್ಪಿಸಿಕೊಂಡರೆ, ಅಲಕ್ಷ್ಯವಿರಲಿ ಇಲ್ಲದಿರಲಿ, ನಷ್ಟ ತುಂಬಬೇಕು ಎಂದರು. 1868ರ ಜುಲೈನಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನು ಎತ್ತಿಹಿಡಿಯಿತು. ಲಾರ್ಡ್ ಕೇರ್ನ್ಸ್ ಒಂದು ಷರತ್ತು ಸೇರಿಸಿದರು: ಆ ನೆಲದ ಬಳಕೆ ಸಹಜವಲ್ಲದ ಬಳಕೆಯಾಗಿರಬೇಕು. (ಮೂವರು ಲಾರ್ಡುಗಳು ಕುಳಿತು ಕೇಳಬೇಕಾಗಿದ್ದ ಈ ಮೇಲ್ಮನವಿಯಲ್ಲಿ ಇಬ್ಬರ ಮಾತು ಮಾತ್ರ ದಾಖಲಾಗಿದೆ. ಮೂರನೆಯವರು ಯಾರೆಂದು ವಿದ್ವಾಂಸರು ಆಮೇಲೆ ತಲೆ ಕೆರೆದುಕೊಂಡದ್ದುಂಟು!)

ಇಂಥ ನಿಷ್ಠುರ ಸೂತ್ರ ಅದೇ ಹೊತ್ತಿಗೆ ಏಕೆ ಹುಟ್ಟಿತು? ಆ ದಶಕಗಳ ವೃತ್ತಪತ್ರಿಕೆಗಳಲ್ಲಿ ಅದಕ್ಕೊಂದು ಉತ್ತರವಿದೆ. 1852ರಲ್ಲಿ ಹೋಮ್‌ಫರ್ತ್ ಬಳಿ ಬಿಲ್ಬೆರಿ ಜಲಾಶಯ ಒಡೆದು 81 ಜನ ಸತ್ತಿದ್ದರು. ಈ ಮೊಕದ್ದಮೆ ನಡೆಯುತ್ತಿರುವಾಗಲೇ, 1864ರ ಮಾರ್ಚ್ 11ರ ರಾತ್ರಿ, ಷೆಫೀಲ್ಡಿನ ಮೇಲೆ ಡೇಲ್ ಡೈಕ್ ಅಣೆಕಟ್ಟು ಒಡೆದು 240ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಉದ್ಯಮದ ಲಾಭಕ್ಕಾಗಿ ಮೇಲೆ ನೀರು ಕೂಡಿಟ್ಟವನು ಕೆಳಗಿನವರ ಜೀವದೊಡನೆ ಜೂಜಾಡುತ್ತಿದ್ದಾನೆ ಎಂಬ ಭಾವನೆ ನ್ಯಾಯಾಧೀಶರಿಗೆ ತಟ್ಟದೆ ಇದ್ದೀತೇ ಎಂದು ಇತಿಹಾಸಕಾರರು ಕೇಳುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.

ಈ ಸೂತ್ರ ಹಡಗೇರಿ ನಮ್ಮಲ್ಲಿಗೆ ಬರಲು ಆರು ವರ್ಷವೂ ಬೇಕಾಗಲಿಲ್ಲ. ಆಗಿನ ಮದ್ರಾಸ್ ಪ್ರಾಂತದ ಉತ್ತರ ಆರ್ಕಾಟಿನಲ್ಲಿದ್ದ ಕಾರ್ವೇಟಿನಗರ ಎಂಬ ಜಮೀನ್ದಾರಿ ಇಂದು ಆಂಧ್ರಪ್ರದೇಶದಲ್ಲಿದೆ. ಭಾರೀ ಮಳೆಯಲ್ಲಿ ಅಲ್ಲಿನ ಕೆರೆಗಳು ಒಡೆದವು. ನುಗ್ಗಿದ ನೀರು ಮದ್ರಾಸ್ ರೈಲ್ವೆ ಕಂಪನಿಯ ಹಳಿಯನ್ನೂ ಸೇತುವೆಗಳನ್ನೂ ಹಾಳುಮಾಡಿತು. ಕಂಪನಿ ಖರ್ಚನ್ನು ಜಮೀನ್ದಾರನಿಂದ ವಸೂಲು ಮಾಡಲು ಹೊರಟಿತು. "ರೈಲೆಂಡ್ಸನ ತೀರ್ಪು ಇದೆಯಲ್ಲ! ನೀರು ಕೂಡಿಟ್ಟವನು ನೀನು, ತಪ್ಪಿಸಿಕೊಂಡದ್ದು ನಿನ್ನ ನೀರು, ತೆತ್ತುಬಿಡು" ಎಂಬುದು ಕಂಪನಿಯ ವಾದದ ತಿರುಳು. ಮದ್ರಾಸಿನ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ವಿಷಯ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. 1874ರಲ್ಲಿ ಪ್ರಿವಿ ಕೌನ್ಸಿಲ್ ಕೂಡ ಜಮೀನ್ದಾರನ ಪರವಾಗಿಯೇ ಹೇಳಿತು.

ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಕ್ಷಿಣ ಭಾರತದ ಕೆರೆಗಳು ಒಬ್ಬನ ಲಾಭಕ್ಕಾಗಿ ನಿನ್ನೆ ಮೊನ್ನೆ ಕಟ್ಟಿದವಲ್ಲ. ಅವು ಅನಾದಿಯಿಂದ ಬಂದ ನೀರಾವರಿ ವ್ಯವಸ್ಥೆಯ ಭಾಗ. ಅವಿಲ್ಲದೆ ಜನ ಬದುಕಲಾರರು. ರೈಲೆಂಡ್ಸನಿಗೆ ಬೇಡವಾದರೆ ಜಲಾಶಯವನ್ನು ಬರಿದು ಮಾಡುವ ಸ್ವಾತಂತ್ರ್ಯವಿತ್ತು. ಜಮೀನ್ದಾರನಿಗೆ ಕೆರೆಯನ್ನು ಮುಚ್ಚುವ ಸ್ವಾತಂತ್ರ್ಯವೇ ಇಲ್ಲ. ಅದನ್ನು ಉಳಿಸಿಕೊಂಡು ಬರುವುದು ಅವನ ಕರ್ತವ್ಯ. ಕರ್ತವ್ಯವನ್ನು ಎಚ್ಚರದಿಂದ ನಡೆಸಿದವನನ್ನು, ಅಲಕ್ಷ್ಯ ತೋರಿಸದೆ, ಹೊಣೆ ಮಾಡಲಾಗದು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ವಿವರಿಸಿದ ಬಹುಜನ ಹಿತದ ಒಡ್ಡಿನ ನಿಯಮ ನಿಮಗೆ ನೆನಪಾಗಲಿಲ್ಲವೇ? ಮಿತಾಕ್ಷರವನ್ನು ಆಧಾರ ಮಾಡಿಕೊಳ್ಳದೆಯೇ ಆ ನ್ಯಾಯಾಧೀಶರು ಅದರ ಹತ್ತಿರಕ್ಕೆ ಬಂದು ನಿಂತಿದ್ದರು. ಇಂಗ್ಲೆಂಡಿನಲ್ಲಿ ಅಸಹಜವೆನಿಸಿದ ನೀರಿನ ರಾಶಿ ನಮ್ಮ ನಾಡಿನಲ್ಲಿ ಅತ್ಯಂತ ಸಹಜ. ಆಮದಾದ ಸೂತ್ರವನ್ನು ನೆಲದ ಸ್ವಭಾವ ನೋಡಿ ಬಳಸಬೇಕೆಂದು ತೋರಿಸಿಕೊಟ್ಟ ತೀರ್ಪು ಇದು. ಇಲ್ಲಿ ನಷ್ಟ ಅನುಭವಿಸಿದ್ದು ಶ್ರೀಮಂತ ರೈಲ್ವೆ ಕಂಪನಿಯಾದ್ದರಿಂದ ನಮಗೆ ಮರುಕ ಹುಟ್ಟುವುದಿಲ್ಲ. ಆದರೆ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಕೂಲಿಯವನಿಗೂ ಇದೇ ಉತ್ತರ ಸಿಗುತ್ತಿತ್ತಲ್ಲವೇ? ಕೆರೆ ಎಲ್ಲರದು, ನಷ್ಟ ಮಾತ್ರ ಒಬ್ಬನದು. ಈ ಅರ್ಧ ಪ್ರಶ್ನೆಗೆ ತೀರ್ಪಿನಲ್ಲಿ ಉತ್ತರವಿಲ್ಲ.

ಸಹಜವಾಗಿ ಹರಿಯುವ ನೀರಿಗೆ ಬೇರೆಯೇ ನಿಯಮ. ಮೇಲಿನ ಹೊಲದಲ್ಲಿ ಬಿದ್ದ ಮಳೆ ತಾನಾಗಿ ಕೆಳಗಿನ ಹೊಲಕ್ಕೆ ಹರಿದರೆ ಕೆಳಗಿನವನು ತಡೆಯುವಂತಿಲ್ಲ. 1882ರ ಈಸ್‌ಮೆಂಟ್ ಕಾಯಿದೆ ಇದನ್ನು ಮೇಲಿನವನ ಹಕ್ಕೆಂದೇ ಹೇಳುತ್ತದೆ. ಕೊಳವೆಯಲ್ಲಿ ಏರಿಸಿ ತೊಟ್ಟಿಯಲ್ಲಿ ತುಂಬಿದ ನೀರಿಗೆ ಈ ರಕ್ಷಣೆಯಿಲ್ಲ. "ನೀರು ಕೆಳಗೆ ಹರಿಯದೆ ಮೇಲೆ ಹರಿಯುತ್ತದೆಯೇ?" ಎಂದು ವಾದಿಸುವ ಮೇಲ್ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ನಮ್ಮ ನಿಜವಾದ ವಿಷಯಕ್ಕೆ, ಅಂದರೆ ಮೇಲಿನ ಅಂತಸ್ತಿನ ನಲ್ಲಿಗೆ ಬರೋಣ. ಸ್ಥಳ ಆಸ್ಟ್ರೇಲಿಯದ ಮೆಲ್ಬರ್ನ್ ನಗರ. ರಿಕರ್ಡ್ಸ್ ಎಂಬವರಿಗೆ ಸೇರಿದ ಕಟ್ಟಡವೊಂದರ ಅಂತಸ್ತುಗಳನ್ನು ಬೇರೆ ಬೇರೆ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡಲಾಗಿತ್ತು. ಎರಡನೆಯ ಅಂತಸ್ತಿನಲ್ಲಿ ಲೋಥಿಯನ್ ಎಂಬವನ ಸರಕು. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಬಾಡಿಗೆದಾರರೆಲ್ಲ ಬಳಸುವ ಕೈತೊಳೆಯುವ ಬೇಸಿನ್. 1909ರ ಆಗಸ್ಟ್ ತಿಂಗಳ ಒಂದು ರಾತ್ರಿ ಯಾರೋ ಅದರ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟು, ನೀರು ಹೋಗುವ ಕೊಳವೆಗೆ ಮೊಳೆ, ಪೆನ್ನಿನ ಹಿಡಿ, ದಾರ, ಸಾಬೂನುಗಳನ್ನು ತುರುಕಿ ಹೋಗಿದ್ದರು. ಬೆಳಗಾಗುವುದರೊಳಗೆ ನೀರು ಅಂತಸ್ತಿನಿಂದ ಅಂತಸ್ತಿಗಿಳಿದು ಲೋಥಿಯನ್ನನ ಸರಕನ್ನು ತೋಯಿಸಿ ಹಾಳುಮಾಡಿತ್ತು. ಜ್ಯೂರಿ ಅವನಿಗೆ 156 ಪೌಂಡು ಕೊಡಿಸಿತು. ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯವೂ ಅವನ ಕೈಹಿಡಿಯಿತು. ಆದರೆ 1913ರ ಫೆಬ್ರವರಿಯಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಕಿತ್ತುಕೊಂಡಿತು.

ಲಾರ್ಡ್ ಮೌಲ್ಟನ್ ಕೊಟ್ಟ ಕಾರಣಗಳು ಎರಡು. ಮೊದಲನೆಯದು, ಇದು ಹೊರಗಿನವನೊಬ್ಬನ ದುಷ್ಟ ಕೃತ್ಯ. ಅದನ್ನು ಮಾಲೀಕ ಊಹಿಸಬೇಕಿತ್ತೆಂದು ಹೇಳಲಾಗದು. ಎರಡನೆಯದು ನಮಗೆ ಹೆಚ್ಚು ಮುಖ್ಯವಾದುದು. ಆಧುನಿಕ ಪಟ್ಟಣದಲ್ಲಿ ಮನೆಮನೆಗೂ ಕೊಳವೆ ನೀರು ಇರುವುದು ಆರೋಗ್ಯಕ್ಕೆ ಅತ್ಯವಶ್ಯ. ಅದನ್ನು ಅಸಹಜ ಬಳಕೆ ಎನ್ನಲಾಗದು, ಆದ್ದರಿಂದ ರೈಲೆಂಡ್ಸನ ಸೂತ್ರ ಬೇಸಿನ್ನಿಗೂ ಬಚ್ಚಲಿಗೂ ತಗಲದು. ಆಕ್ಷೇಪಿಸಲಾಗದ ಒಲೆಯ ಹೊಗೆಯ ಜಾಗದಲ್ಲಿ ಈಗ ನಲ್ಲಿಯ ನೀರು ಬಂದು ಕುಳಿತಂತಾಯಿತು.

ಈ ತೀರ್ಪಿನ ಪರಿಣಾಮವನ್ನು ಯೋಚಿಸಿ. ಅಂದಿನಿಂದ ಕೆಳಮನೆಯವನು ನೀರು ಮೇಲಿನಿಂದ ಬಂತೆಂದು ತೋರಿಸಿದರೆ ಸಾಲದು. ಮೇಲಿನವನು ಎಚ್ಚರ ತಪ್ಪಿದನೆಂದು, ಇಲ್ಲವೇ ತೊಂದರೆ ತಿಳಿದೂ ಸುಮ್ಮನಿದ್ದನೆಂದು ಅವನೇ ರುಜುವಾತು ಮಾಡಬೇಕು. ಬೀಗ ಹಾಕಿದ ಬೇರೊಬ್ಬರ ಮನೆಯ ಬಚ್ಚಲಿನ ಗೋಡೆಯೊಳಗಿನ ಕೊಳವೆಯಲ್ಲಿ ಏನಾಗಿತ್ತೆಂದು ಕೆಳಗೆ ಕುಳಿತವನು ರುಜುವಾತು ಮಾಡುವುದು ಹೇಗೆ? ಕಿಟಕಿಯಿಂದ ಸುರಿದ ನೀರಿಗೆ ರೋಮನ್ನರು ಈ ಭಾರವನ್ನು ಮೇಲಿನ ವಾಸಿಗೆ ಹೊರಿಸಿದ್ದರು. ಸಾಕ್ಷ್ಯ ಯಾರ ಕೈಯಲ್ಲಿದೆಯೋ ಅವರೇ ಉತ್ತರ ಕೊಡಲಿ ಎಂಬ ರೋಮನ್ನರ ದಾರಿಯೇ ಈ ಒಂದು ವಿಷಯದಲ್ಲಿ ಹೆಚ್ಚು ನ್ಯಾಯವಾದುದೆಂದು ಈ ಲೇಖಕನ ಅಭಿಪ್ರಾಯ. ನೀವು ಒಪ್ಪಲೇಬೇಕೆಂದಿಲ್ಲ.

ರೈಲೆಂಡ್ಸನ ಸೂತ್ರ ಅಲ್ಲಿಂದ ಮುಂದೆ ಸವೆಯುತ್ತಲೇ ಹೋಯಿತು. 1876ರಲ್ಲಿಯೇ ಅಸಾಧಾರಣ ಮಳೆಯನ್ನು ದೈವಿಕ ಘಟನೆಯೆಂದು ಒಪ್ಪಿ, ಒಡೆದ ಕೊಳಗಳ ಒಡೆಯರನ್ನು ಬಿಟ್ಟದ್ದುಂಟು. ಆಸ್ಟ್ರೇಲಿಯ 1994ರಲ್ಲಿ ಸೂತ್ರವನ್ನೇ ಕೈಬಿಟ್ಟು ಅದನ್ನು ಅಲಕ್ಷ್ಯದ ಕಾನೂನಿನೊಳಗೆ ಸೇರಿಸಿತು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ 66 ಮನೆಗಳ ಒಂದು ಬಹುಅಂತಸ್ತಿನ ಕಟ್ಟಡಕ್ಕೆ ನೀರು ಕೊಡುತ್ತಿದ್ದ ಕೊಳವೆ ಒಡೆದು, ಹಳೆಯ ರೈಲುದಾರಿಯ ದಿಬ್ಬ ಕುಸಿದು, ಅದರೊಳಗಿದ್ದ ಅನಿಲ ಕೊಳವೆ ಬಯಲಿಗೆ ಬಿತ್ತು. ಅನಿಲ ಕಂಪನಿ ಅದನ್ನು ಸರಿಪಡಿಸಲು 93,681 ಪೌಂಡು ಖರ್ಚು ಮಾಡಿ ಸ್ಥಳೀಯ ಕೌನ್ಸಿಲಿನಿಂದ ಕೇಳಿತು. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸೂತ್ರವನ್ನು ಉಳಿಸಿಕೊಂಡಿತು, ಹಣವನ್ನು ಮಾತ್ರ ಕೊಡಿಸಲಿಲ್ಲ. 66 ಮನೆಗಳಿಗೆ ನೀರು ಕೊಡುವುದು ಸಹಜ ಬಳಕೆಯೇ ಎಂದಿತು.

ಭಾರತದಲ್ಲಿ ಮಾತ್ರ ಕಥೆ ಇನ್ನೊಂದು ದಿಕ್ಕಿಗೆ ಹೊರಳಿತು. 1984ರ ಡಿಸೆಂಬರಿನ ಭೋಪಾಲ್ ದುರಂತದ ಒಂದು ವರ್ಷದ ಬಳಿಕ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಾಧೀಶ ಪಿ.ಎನ್. ಭಗವತಿಯವರ ಪೀಠವು, ಅಪಾಯಕರ ಉದ್ಯಮ ನಡೆಸುವವರಿಗೆ ರೈಲೆಂಡ್ಸನ ಸೂತ್ರದ ಯಾವ ವಿನಾಯಿತಿಯೂ ಇಲ್ಲ. ದೈವಿಕ ಘಟನೆ, ಹೊರಗಿನವನ ಕೃತ್ಯ ಎಂಬ ನೆಪ ಸಲ್ಲದು. ಅವರ ಹೊಣೆ ಪೂರ್ಣವಾದುದು ಎಂದು ಸಾರಿತು. 2001ರಲ್ಲಿ ಮೋಟಾರು ಅಪಘಾತವೊಂದರ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯ ರೈಲೆಂಡ್ಸನ ಸೂತ್ರವನ್ನು ನೆರವಿಗೆ ಕರೆಯಿತು. ಲ್ಯಾಂಕಾಷೈರಿನ ಕೆಸರುನೀರು ಎಲ್ಲಿಂದ ಎಲ್ಲಿಗೆ ಹರಿದು ಬಂತು ನೋಡಿ!

ಆದರೆ ಬಚ್ಚಲುಮನೆ ಕಾರ್ಖಾನೆಯಲ್ಲ. ಹಾಗಾದರೆ ನಿಮ್ಮ ಮನೆಯ ಛಾವಣಿಯೇ ನೆನೆದರೆ ಏನು ದಾರಿ? ಮೊದಲು ನೀರು ಎಲ್ಲಿಂದ ಬಂತೆಂಬುದು ಖಚಿತವಾಗಬೇಕು. ಮೇಲಿನ ಮನೆಯೊಳಗಿನ ಕೊಳವೆಯಾದರೆ ಆ ಮನೆಯವರ ಹೊಣೆ. ಎಲ್ಲರಿಗೂ ಸೇರಿದ ಮಾಳಿಗೆ, ತೊಟ್ಟಿ, ಮುಖ್ಯ ಕೊಳವೆಯಾದರೆ ಸಂಘದ ಹೊಣೆ. ಅಂದರೆ ಖರ್ಚಿನಲ್ಲಿ ನಿಮ್ಮದೂ ಒಂದು ಪಾಲು. ಕೊಳವೆ ಕೆಲಸ ಬಲ್ಲವರಿಂದ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ದಿನಾಂಕ ಹಾಕಿದ ಛಾಯಾಚಿತ್ರಗಳನ್ನು ಇಟ್ಟುಕೊಳ್ಳಿ. ಮೇಲಿನವರಿಗೆ ಪತ್ರ ಬರೆದು ಪ್ರತಿಯಿಟ್ಟುಕೊಳ್ಳಿ. ಈ ಪತ್ರ ಕೇವಲ ಶಿಷ್ಟಾಚಾರವಲ್ಲ. ಅದು ತಲುಪಿದ ದಿನದಿಂದ "ನನಗೆ ಗೊತ್ತೇ ಇರಲಿಲ್ಲ" ಎಂಬ ಮಾತು ನಡೆಯದು. 1913ರ ತೀರ್ಪು ಕೆಳಮನೆಯವನ ಮೇಲೆ ಹೊರಿಸಿದ ಭಾರದ ಅರ್ಧವನ್ನು ಒಂದು ಅಂಚೆಚೀಟಿ ಇಳಿಸುತ್ತದೆ. ಅದೇ ರೀತಿ ನಷ್ಟ ಬೆಳೆಯದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ. ಬೀರು ಸರಿಸಬಹುದಾಗಿದ್ದರೂ ಸರಿಸದೆ ಪುಸ್ತಕಗಳನ್ನು ನೆನೆಯಬಿಟ್ಟರೆ ಅವುಗಳ ಬೆಲೆ ಸಿಗುವುದು ಕಷ್ಟ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಗೆ ಒಳಪಟ್ಟ ಕಟ್ಟಡವಾದರೆ ಇನ್ನೊಂದು ಅನುಕೂಲವಿದೆ. ಬೇರೆ ಮನೆಗಳಿಗೆ ಹಾನಿಯಾಗುವುದನ್ನು ತಡೆಯಲು ತುರ್ತು ದುರಸ್ತಿ ಬೇಕಾದಾಗ ಯಾವುದೇ ಮನೆಯೊಳಗೆ ಪ್ರವೇಶಿಸುವ ಹಕ್ಕನ್ನು ಕಾಯಿದೆ ಕೊಟ್ಟಿದೆ. ಬೀಗ ಹಾಕಿದ ಬಚ್ಚಲಿನ ಸಮಸ್ಯೆಗೆ ಇದೇ ಮದ್ದು; ಆದರೂ ಇದನ್ನು ತಿಳಿದ ಸಂಘಗಳು ಕಡಮೆ. ಮಾತುಕತೆ ಫಲಿಸದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ನಡೆಯುವ ಲೋಕ ಅದಾಲತ್ ಇದೆ. ನ್ಯಾಯಾಲಯದಲ್ಲಿರುವ ದಾವೆ ಅಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ಮರಳಿ ಬರುತ್ತದೆ. ಕೊನೆಯ ದಾರಿ ಸಿವಿಲ್ ದಾವೆ. ಅಲ್ಲಿ ನಷ್ಟದ ಹಣವನ್ನೂ ಕೇಳಬಹುದು, ಸೋರಿಕೆ ನಿಲ್ಲಿಸುವಂತೆ ಆಜ್ಞೆಯನ್ನೂ ಕೇಳಬಹುದು. ಕೌಟಿಲ್ಯನ ಕಾಲದಲ್ಲಿ ಬೇರೆಬೇರೆಯಾಗಿದ್ದ ಎರಡು ಚಿಂತೆಗಳು ಇಲ್ಲಿ ಒಂದೇ ಅರ್ಜಿಯಲ್ಲಿ ಸೇರುತ್ತವೆ.

ಕಾಲಮಿತಿಯನ್ನು ಮರೆಯಬೇಡಿ. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಪರಿಹಾರದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವು. ಆದರೆ ಅದೇ ಕಾಯಿದೆಯ 22ನೆಯ ಕಲಮು, ನಿಲ್ಲದೆ ಮುಂದುವರಿಯುವ ಅಪಕೃತ್ಯಕ್ಕೆ ಪ್ರತಿ ಕ್ಷಣವೂ ಹೊಸ ಗಡುವು ಹುಟ್ಟುತ್ತದೆ ಎನ್ನುತ್ತದೆ. ಎಂದೋ ಒಂದು ರಾತ್ರಿ ಸುರಿದು ನಿಂತ ನೀರಿಗೆ ಮೂರು ವರ್ಷ. ದಿನವೂ ತೊಟ್ಟಿಕ್ಕುತ್ತಲೇ ಇರುವ ನೀರಿಗೆ, ಅದು ತೊಟ್ಟಿಕ್ಕುವವರೆಗೂ ಲೆಕ್ಕ ಹೊಸದಾಗುತ್ತಲೇ ಇರುತ್ತದೆ.